ಸೋಲ್, ಫಂಕ್, ಆಫ್ರಿಕಾ ಸಂಗೀತ: ಕೊಡಗಿನಲ್ಲಿ ಹುಡುಕಿ, ನಾಲ್ಕು ಜನರಿಗೆ ಕೇಳಿಸುವ ಸಮಗ್ರ ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಅಮೆರಿಕದ ಕಪ್ಪು ಜನರ ಸೋಲ್, ಫಂಕ್ ಮತ್ತು ಆಫ್ರಿಕಾದ ಸಂಗೀತದ ರುಚಿ ಹತ್ತಿದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುತ್ತಾರೆ. ಒಂದು ಭಾನುವಾರ ಗೆಳೆಯರನ್ನು ಕರೆದು ಕೇಳಿಸೋಣ ಅನ್ನಿಸುತ್ತದೆ. ಕರೆಯುತ್ತಾರೆ. ಮೊದಲ ಎರಡು ಹಾಡಿಗೆ ಎಲ್ಲರೂ ತಲೆ ಆಡಿಸುತ್ತಾರೆ, ಮೂರನೆಯದಕ್ಕೆ ಮಾತು ಶುರುವಾಗುತ್ತದೆ, ಐದನೆಯದಕ್ಕೆ ಯಾರೋ ಒಬ್ಬರು ಫೋನ್ ಕಿತ್ತುಕೊಂಡು ಸಿನಿಮಾ ಹಾಡು ಹಾಕುತ್ತಾರೆ. ಹೀಗಾಯಿತು, ಏನು ಮಾಡುವುದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೂಟ ಕೆಡುವುದಕ್ಕೆ ಹಾಡು ಕಾರಣ ಅಲ್ಲ, ಬಂದವರೂ ಕಾರಣ ಅಲ್ಲ. ಹೆಚ್ಚಿನವರು ಮೊದಲು ಸ್ಪೀಕರ್ ಕೊಳ್ಳುತ್ತಾರೆ, ಆಮೇಲೆ ಜನ ಕರೆಯುತ್ತಾರೆ, ಹಾಡು ಹುಡುಕುವುದು ಎಲ್ಲರೂ ಬಂದು ಕೂತ ಮೇಲೆ. ಈ ಕ್ರಮ ಪೂರ್ತಿ ಉಲ್ಟಾ ಆಗಬೇಕು. ಮೊದಲು ನಿಮ್ಮ ಕಿವಿ, ಆಮೇಲೆ ಹುಡುಕಾಟ, ಆಮೇಲೆ ಸದ್ದು, ಜನ ಬರುವುದು ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಒಂದು ವೈರ್ ಇರುವ ಹೆಡ್‌ಫೋನ್. ಒಂದು ಲ್ಯಾಪ್‌ಟಾಪ್, ಇಲ್ಲವೇ ಹಾಡು ಇಳಿಸಿಕೊಳ್ಳಲು ಜಾಗ ಇರುವ ಫೋನ್. ಒಂದು ನೋಟ್‌ಬುಕ್. ಕೂಟಕ್ಕೆ ಒಂದು ಜೊತೆ ಸ್ಪೀಕರ್, ಅದಕ್ಕೆ ಸರಿಯಾದ ಕೇಬಲ್. ಸ್ಪೀಕರ್ ಈಗಲೇ ಕೊಳ್ಳಬೇಡಿ, ಆರನೇ ಹಂತ ಓದಿ ಆಮೇಲೆ ತೀರ್ಮಾನ ಮಾಡಿ.

ನೋಟ್‌ಬುಕ್ ಬಿಟ್ಟು ಮುಂದೆ ಹೋಗಬೇಡಿ. ಹಾಡಿನ ಹೆಸರು, ವರ್ಷ, ಊರು, ಡ್ರಮ್ ಬಾರಿಸಿದವರು, ಬೇಸ್ ನುಡಿಸಿದವರು, ಇಷ್ಟನ್ನು ಕೈಯಲ್ಲಿ ಬರೆಯಿರಿ. ಮೂರನೇ ಹಂತ ಪೂರ್ತಿ ಈ ಪಟ್ಟಿಯ ಮೇಲೇ ನಿಂತಿದೆ.

1. ಕಿವಿಯನ್ನು ದನಿಯಿಂದ ಕೆಳಗೆ ಇಳಿಸಿ

ನಾವು ಹಾಡು ಕೇಳಿ ಬೆಳೆದವರು. ಸಾಹಿತ್ಯ, ರಾಗ, ಗಾಯಕರ ದನಿ, ಕಿವಿ ಮೊದಲು ಹೋಗುವುದು ಅಲ್ಲಿಗೇ. ಫಂಕ್ ಮತ್ತು ಆಫ್ರಿಕಾದ ಬಹಳಷ್ಟು ಸಂಗೀತದಲ್ಲಿ ಹಾಡಿನ ಜೀವ ಇರುವುದು ಕೆಳಗೆ, ಡ್ರಮ್ಮು ಬೇಸ್‌ಗಳ ಜುಗಲ್‌ಬಂದಿಯಲ್ಲಿ. ಮೇಲೆ ಮಾತ್ರ ಕೇಳಿದರೆ 'ಒಂದೇ ಥರ ಇದೆ, ಏನೂ ಆಗ್ತಾ ಇಲ್ಲ' ಅನ್ನಿಸುತ್ತದೆ. ಬೇಜಾರಾಗುವುದು ಇಲ್ಲೇ.

ಅಭ್ಯಾಸ ಗೊತ್ತಿರುವ ಹಾಡಿನಿಂದ ಶುರುವಾಗಲಿ. 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಮಾಡಿದ 'ಜೊತೆಯಲಿ' ಹಾಡು ಎಲ್ಲರಿಗೂ ಬಾಯಿಪಾಠ, ಅಲ್ವಾ? ಹೆಡ್‌ಫೋನ್ ಹಾಕಿ. ಈ ಸಲ ದನಿಯನ್ನು ಬಿಟ್ಟುಬಿಡಿ, ಬೇಸ್ ಗಿಟಾರ್ ಮೇಲೆ ಮಾತ್ರ ಕಿವಿ ಇಡಿ. ಮೊದಲ ಸಲ ಕೈ ತಪ್ಪುತ್ತದೆ, ದನಿಯ ಹಿಂದೆ ಹೋಗಿಬಿಡುತ್ತೀರಿ. ಮತ್ತೆ ಹಾಕಿ. ಬೇಸ್ ಏನು ನುಡಿಸುತ್ತಿದೆ ಅಂತ ಬಾಯಲ್ಲಿ ಗುನುಗಲು ಬಂದ ಮೇಲೆ ಮುಂದೆ ಹೋಗಿ.

ಈಗ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ 1967ರ 'ಕೋಲ್ಡ್ ಸ್ವೆಟ್' ಹಾಕಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. 'ಒಂದು' ಬಂದಾಗ ಇಡೀ ಬ್ಯಾಂಡ್ ಒಟ್ಟಿಗೆ ಒತ್ತು ಕೊಡುತ್ತದೆ. ಸೋಲ್ ಹಾಡುಗಳಲ್ಲಿ ಸಾಮಾನ್ಯವಾಗಿ ಸ್ನೇರ್ ಡ್ರಮ್ (ಚಟ್ ಅನ್ನುವ ಚುರುಕು ಸದ್ದಿನದು) ಎರಡು ಮತ್ತು ನಾಲ್ಕಕ್ಕೆ ಬೀಳುತ್ತದೆ, ಕೈ ತಟ್ಟುವವರು ತಟ್ಟುವುದೂ ಅಲ್ಲಿಗೇ. ಇಲ್ಲಿ ಡ್ರಮ್ ಬಾರಿಸುತ್ತಿರುವ ಕ್ಲೈಡ್ ಸ್ಟಬಲ್‌ಫೀಲ್ಡ್ ಎರಡಕ್ಕೆ ಸರಿಯಾಗಿ ಹೊಡೆದು, ನಾಲ್ಕಕ್ಕೆ ಬರಬೇಕಾದ ಹೊಡೆತವನ್ನು ಬೇಕೆಂದೇ ಅರ್ಧ ಎಣಿಕೆ ತಡ ಮಾಡುತ್ತಾರೆ. ನೀವು ತಟ್ಟಿದ ಕೈ ಖಾಲಿ ಜಾಗಕ್ಕೆ ಬೀಳುತ್ತದೆ, ಅದರ ಹಿಂದೆಯೇ ಡ್ರಮ್ ಬರುತ್ತದೆ. ಆ ತಡ ನಿಮಗೆ ಸಿಕ್ಕಿತು ಅಂದರೆ ಫಂಕ್ ಸಿಕ್ಕಿತು. ಹಾಡಿನ ಹೆಚ್ಚಿನ ಭಾಗ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ನಡೆಯುತ್ತದೆ, ಆದರೂ ಕುತೂಹಲ ಇಳಿಯುವುದಿಲ್ಲ. ಬದಲಾವಣೆ ನಡೆಯುತ್ತಿರುವುದೆಲ್ಲ ತಾಳದಲ್ಲಿ.

ಮೂರನೆಯ ಅಭ್ಯಾಸ ಆಫ್ರಿಕಾದ ತಾಳಕ್ಕೆ. ಎಡಗೈಯಲ್ಲಿ ತೊಡೆಯ ಮೇಲೆ ಎರಡು ಪೆಟ್ಟು, ಅಷ್ಟೇ ಹೊತ್ತಿನಲ್ಲಿ ಬಲಗೈಯಲ್ಲಿ ಮೂರು ಪೆಟ್ಟು. ಎರಡೂ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯಬೇಕು. ಪಶ್ಚಿಮ ಆಫ್ರಿಕಾದ ಬಹಳಷ್ಟು ತಾಳಗಳ ಒಳಗೆ ಈ ಎರಡು-ಮೂರರ ಎಳೆದಾಟ ಇದೆ. ಕೈಗೆ ಬಾರದಿದ್ದರೆ ಹೆದರಬೇಡಿ. ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿದು ಅಭ್ಯಾಸ ಇರುವವರಿಗೆ ತಾಳವನ್ನು ತಲೆಗಿಂತ ಮೊದಲು ಕಾಲಲ್ಲಿ ಹಿಡಿಯುವುದು ಹೇಗೆ ಅಂತ ಹೇಳಿಕೊಡಬೇಕಾಗಿಲ್ಲ. ಎದ್ದು ನಿಂತು ಪ್ರಯತ್ನ ಮಾಡಿ, ಕೂತಾಗ ಬಾರದ್ದು ನಿಂತಾಗ ಬರುತ್ತದೆ.

ಎಚ್ಚರಿಕೆಯ ಗುರುತು: ವಾರಗಟ್ಟಲೆ ಕೇಳಿದ ಮೇಲೂ ಹಾಡುಗಳು ನಿಮಗೆ ದನಿಯಿಂದ ಮಾತ್ರ ಗುರುತು ಸಿಗುತ್ತಿದ್ದರೆ, ಬೇರೆಯವರನ್ನು ಕರೆಯುವ ಹೊತ್ತು ಇನ್ನೂ ಬಂದಿಲ್ಲ.

2. ಹುಡುಕುವ ಪದ ಸರಿ ಮಾಡಿಕೊಳ್ಳಿ

'ಆಫ್ರಿಕನ್ ಮ್ಯೂಸಿಕ್' ಅಂತ ಟೈಪ್ ಮಾಡಿದರೆ ಕಾಡಿನ ಪ್ರಾಣಿಗಳ ಚಿತ್ರ ಹಾಕಿದ, ಯಾರು ನುಡಿಸಿದ್ದು ಅಂತಲೂ ಹೇಳದ ಮೂರು ಗಂಟೆಯ ವಿಡಿಯೋಗಳು ಸಿಗುತ್ತವೆ. ಅವನ್ನು ಬಿಟ್ಟುಬಿಡಿ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡ ಅದು. ಹುಡುಕುವಾಗ ಯಾವಾಗಲೂ ದೇಶ ಅಥವಾ ಊರು, ಶೈಲಿ, ದಶಕ, ಮೂರನ್ನೂ ಸೇರಿಸಿ: ಘಾನಾ ಹೈಲೈಫ್ 1970, ಕಾಂಗೋ ರುಂಬಾ 1960, ಇಥಿಯೋಪಿಯಾ ಜಾಝ್ 1970, ಸೆನೆಗಲ್ ಎಂಬಲಾಕ್ಸ್ 1980, ಜಾಂಬಿಯಾ ಜಾಮ್‌ರಾಕ್ 1970. ಒಂದೊಂದು ಹುಡುಕಾಟವೂ ಬೇರೆಯೇ ಬಾಗಿಲು ತೆರೆಯುತ್ತದೆ.

ಇನ್ನೊಂದು ಕಡೆ ಬಹಳ ಜನ ಜಾರುತ್ತಾರೆ. 'ಆಫ್ರೋಬೀಟ್' ಅಂದರೆ ನೈಜೀರಿಯಾದ ಫೆಲಾ ಕುಟಿ ಮತ್ತು ಡ್ರಮ್ಮರ್ ಟೋನಿ ಅಲೆನ್ ಕಟ್ಟಿದ ಸಂಗೀತ, ಒಂದೊಂದು ಹಾಡು ಹತ್ತು, ಹದಿನೈದು ನಿಮಿಷ. ಕೊನೆಗೆ 'ಸ್' ಸೇರಿಸಿ 'ಆಫ್ರೋಬೀಟ್ಸ್' ಅಂದರೆ ಈ ಶತಮಾನದ ನೈಜೀರಿಯಾ, ಘಾನಾ ಪಾಪ್: ಬರ್ನಾ ಬಾಯ್, ವಿಜ್‌ಕಿಡ್ ಮುಂತಾದವರದು. ಎರಡೂ ಕೇಳುವಂಥದ್ದೇ, ಆದರೆ ಒಂದೇ ಪಟ್ಟಿಯಲ್ಲಿ ಕಲಸಿದರೆ ಕೇಳುವವರಿಗೆ ತಲೆಬುಡ ಸಿಗುವುದಿಲ್ಲ. ಆ್ಯಪ್‌ಗಳು ಇವೆರಡನ್ನೂ ಕಲಸಿಯೇ ಕೊಡುತ್ತವೆ, ಹಾಗಾಗಿ ಕಲಾವಿದರ ಹೆಸರು, ವರ್ಷ ನೋಡಿ ನೀವೇ ಬೇರೆ ಮಾಡಿ.

ಹಳೆಯ ಧ್ವನಿಮುದ್ರಣ ಹುಡುಕುವಾಗ ಕಲಾವಿದರ ಹೆಸರಿನ ಜೊತೆ ಮರುಬಿಡುಗಡೆ ಮಾಡಿದ ಲೇಬಲ್ (ರೆಕಾರ್ಡ್ ಕಂಪನಿ) ಹೆಸರೂ ಗೊತ್ತಿದ್ದರೆ ಕೆಲಸ ಅರ್ಧ ಆಗುತ್ತದೆ. ಅನಲಾಗ್ ಆಫ್ರಿಕಾ, ಸೌಂಡ್‌ವೇ, ಸ್ಟ್ರಟ್, ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ, ವರ್ಲ್ಡ್ ಸರ್ಕಿಟ್, ಇವು ಆಫ್ರಿಕಾಕ್ಕೆ. ಅಮೆರಿಕದ ಮರೆತುಹೋದ ಸೋಲ್, ಫಂಕ್‌ಗೆ ಶಿಕಾಗೋದ ನ್ಯೂಮೆರೋ ಗ್ರೂಪ್. ಇಥಿಯೋಪಿಯಾಕ್ಕೆ 'ಎಥಿಯೋಪಿಕ್ಸ್' ಸರಣಿ ಸಾಕು. ಅದರ ನಾಲ್ಕನೇ ಸಂಪುಟ ಮುಲಾಟು ಅಸ್ಟಾಟ್ಕೆ ಅವರದು, ಮೊದಲು ಅದನ್ನೇ ಕೇಳಿ. ಈ ಲೇಬಲ್‌ಗಳು ಆಲ್ಬಮ್ ಜೊತೆ ಕೊಡುವ ಟಿಪ್ಪಣಿಯನ್ನೂ ಓದಿ. ಯಾರು, ಎಲ್ಲಿ, ಯಾವ ಸ್ಟುಡಿಯೋದಲ್ಲಿ ನುಡಿಸಿದರು ಅನ್ನುವುದು ಅಲ್ಲಿರುತ್ತದೆ.

3. ಒಂದು ಎಳೆ ಹಿಡಿದು ಎಳೆಯಿರಿ

ಇದು ಇಡೀ ಮಾರ್ಗದರ್ಶಿಯ ಮುಖ್ಯ ಹಂತ. ನಿಧಾನ ಮಾಡಿ.

ಆ್ಯಪ್ ಒಂದಾದ ಮೇಲೆ ಒಂದು ಹಾಡು ಕೊಡುತ್ತಲೇ ಇರುತ್ತದೆ. ಅದರ ಹಿಂದೆ ಹೋದರೆ ನೂರಾರು ಹಾಡು ಕೇಳಿಯೂ ಒಂದೂ ನೆನಪಿರುವುದಿಲ್ಲ. ನೀವು ಹಾಡಿನಿಂದ ಜನರ ಕಡೆಗೆ, ಜನರಿಂದ ಮುಂದಿನ ಹಾಡಿಗೆ ಹೋಗಿ. ನೋಟ್‌ಬುಕ್ ಬೇಕಾಗುವುದು ಇಲ್ಲಿ.

ಒಂದು ಎಳೆಯನ್ನು ಪೂರ್ತಿ ಬಿಚ್ಚಿ ತೋರಿಸುತ್ತೇನೆ. 1962ರ 'ಗ್ರೀನ್ ಆನಿಯನ್ಸ್' ತೆಗೆದುಕೊಳ್ಳಿ. ಬುಕರ್ ಟಿ. ಆ್ಯಂಡ್ ದಿ ಎಂ.ಜಿ.ಸ್ ತಂಡದ ಬರೀ ವಾದ್ಯದ ಹಾಡು, ಮೂರು ನಿಮಿಷವೂ ಇಲ್ಲ. ಈ ತಂಡ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಸ್ವಂತ ಬ್ಯಾಂಡ್. ಅಲ್ಲಿ ಹಾಡಿದ ಬಹಳಷ್ಟು ಜನರಿಗೆ ಹಿಂದೆ ನುಡಿಸಿದವರು ಇವರೇ. ಹಾಗೆ ಅಲ್ಲಿ ಹಾಡಿದವರಲ್ಲಿ ಒಬ್ಬರು ಓಟಿಸ್ ರೆಡಿಂಗ್. ಓಟಿಸ್ 1965ರಲ್ಲಿ 'ರೆಸ್ಪೆಕ್ಟ್' ಬರೆದು ಹಾಡಿದರು. ಮನೆಗೆ ದುಡಿದು ತರುವ ಗಂಡಸು ಹೆಂಡತಿಯ ಹತ್ತಿರ ಮರ್ಯಾದೆ ಕೇಳುವ ಹಾಡು ಅದು. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಅದೇ ಹಾಡನ್ನು ಹೆಣ್ಣಿನ ಬಾಯಲ್ಲಿ ತಿರುಗಿಸಿ ಹಾಡಿದರು, ಅಕ್ಷರ ಬಿಡಿಬಿಡಿಯಾಗಿ ಕೂಗುವ ಭಾಗ ಸೇರಿಸಿದರು. ಜಗತ್ತು ನೆನಪಿಟ್ಟುಕೊಂಡಿರುವುದು ಅರೀತಾ ಅವರದನ್ನು. ಮೂರೇ ಹಾಡು, ಆದರೆ ಒಂದು ಸ್ಟುಡಿಯೋ, ಒಂದು ಬ್ಯಾಂಡ್, ಇಬ್ಬರು ಗಾಯಕರು, ಹಾಡಿನ ಮಾಲೀಕತ್ವವೇ ಬದಲಾದ ಕಥೆ, ಎಲ್ಲ ಕೈಗೆ ಸಿಕ್ಕಿತು. ಕೂಟದಲ್ಲಿ ಹೇಳುವುದಕ್ಕೆ ಇಂಥದ್ದೇ ಬೇಕು.

ಅಮೆರಿಕದಿಂದ ಆಫ್ರಿಕಾಕ್ಕೆ ದಾಟುವ ಎಳೆ ಬೇಕಾದರೆ ಎರಡು ಜಾಗ ಹಿಡಿಯಿರಿ. ಮೊದಲನೆಯದು ನೈಜೀರಿಯಾದ ಲೇಗೋಸ್. ಫೆಲಾ ಕುಟಿ 1969ರಲ್ಲಿ ತಂಡದೊಂದಿಗೆ ಅಮೆರಿಕದಲ್ಲಿದ್ದರು. 1970ರಲ್ಲಿ ಜೇಮ್ಸ್ ಬ್ರೌನ್ ತಂಡ ನೈಜೀರಿಯಾಕ್ಕೆ ಹೋಯಿತು. ಆ ಎರಡು ಪ್ರಯಾಣದ ಹಿಂದೆ ಮುಂದೆ ಬಂದ ಹಾಡುಗಳನ್ನು ಅಕ್ಕಪಕ್ಕ ಇಟ್ಟು ಕೇಳಿ. ಎರಡನೆಯದು ಕಾಂಗೋದ ಕಿನ್ಶಾಸಾ, 1974ರ ಸೆಪ್ಟೆಂಬರ್. ಮಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ಬಾಕ್ಸಿಂಗ್ ಪಂದ್ಯದ ಜೊತೆಗೆ ಅಂತ ಇಟ್ಟುಕೊಂಡ ಮೂರು ರಾತ್ರಿಯ ಸಂಗೀತ ಉತ್ಸವದಲ್ಲಿ ಜೇಮ್ಸ್ ಬ್ರೌನ್, ಬಿಲ್ ವಿದರ್ಸ್, ಬಿ.ಬಿ. ಕಿಂಗ್, ದಕ್ಷಿಣ ಆಫ್ರಿಕಾದ ಮಿರಿಯಮ್ ಮಕೇಬಾ, ಕಾಂಗೋದ ಫ್ರಾಂಕೋ, ಎಲ್ಲರೂ ಒಂದೇ ವೇದಿಕೆ ಹತ್ತಿದರು. ಫೋರ್‌ಮನ್‌ಗೆ ಗಾಯವಾಗಿ ಪಂದ್ಯ ಅಕ್ಟೋಬರ್ 30ಕ್ಕೆ ಹೋಯಿತು, ಸಂಗೀತ ಮಾತ್ರ ಹೇಳಿದ ದಿನವೇ ನಡೆಯಿತು. ಆ ಒಂದು ವೇದಿಕೆಯ ಹೆಸರುಗಳನ್ನು ಹಿಡಿದು ಹೊರಟರೆ ಒಂದು ಇಡೀ ಕೂಟಕ್ಕೆ ಆಗುವಷ್ಟು ಸಿಗುತ್ತದೆ.

ಒಂದು ಸಲಕ್ಕೆ ಒಂದೇ ಎಳೆ. ಕಾಂಗೋ ಕೇಳುತ್ತಿರುವಾಗ ಮಾಲಿಯ ಕೋರಾ ತಂತಿವಾದ್ಯದ ಕಡೆ ಮನಸ್ಸು ಎಳೆದರೆ ಹೆಸರು ಬರೆದಿಟ್ಟುಕೊಂಡು ವಾಪಸ್ ಬನ್ನಿ.

4. ಹಾಡನ್ನು ಕೈವಶ ಮಾಡಿಕೊಳ್ಳಿ

ಕೊಡಗಿನಲ್ಲಿ ನೆಟ್‌ವರ್ಕ್ ನಂಬಿ ಕೂಟ ಇಡಬೇಡಿ. ತೋಟದ ಮನೆ ಆದರೆ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಪೇಟೆ ಆದರೂ ಮಳೆ ಗಾಳಿಗೆ ಯಾವಾಗ ಹೋಗುತ್ತದೋ ಹೇಳಲಾಗದು. ಎಲ್ಲ ಹಾಡೂ ಮೊದಲೇ ಇಳಿದಿರಬೇಕು. ಹಿಂದಿನ ದಿನ ಏರೋಪ್ಲೇನ್ ಮೋಡ್ ಹಾಕಿ, ಪ್ರತಿ ಹಾಡನ್ನೂ ಅರ್ಧ ನಿಮಿಷ ನುಡಿಸಿ ನೋಡಿ. ಇಳಿದಿದೆ ಅಂತ ತೋರಿಸಿ ನುಡಿಯದೇ ಇರುವ ಹಾಡು ಒಂದಾದರೂ ಸಿಗುತ್ತದೆ.

ಆಗುವಷ್ಟು ಹಾಡುಗಳನ್ನು ದುಡ್ಡು ಕೊಟ್ಟು ಕೊಳ್ಳಿ. ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟ್‌ನಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ಕಂಪನಿ ಸಾಮಾನ್ಯವಾಗಿ ಶೇ. 15 ಇಟ್ಟುಕೊಳ್ಳುತ್ತದೆ, ಪಾವತಿಯ ಖರ್ಚು ಕಳೆದು ಉಳಿದದ್ದು ಲೇಬಲ್‌ಗೆ, ಕಲಾವಿದರಿಗೆ ಹೋಗುತ್ತದೆ. ಒಳ್ಳೆಯ ಗುಣಮಟ್ಟದ ಫೈಲ್ ನಿಮ್ಮದೇ ಆಗುತ್ತದೆ. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 'ಕೋಲ್ಡ್ ಸ್ವೆಟ್' ಬಾರಿಸಿದ ಅದೇ ಸ್ಟಬಲ್‌ಫೀಲ್ಡ್ 1970ರಲ್ಲಿ ಬಂದ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಬಾರಿಸಿದ ಕೆಲವೇ ಸೆಕೆಂಡಿನ ಡ್ರಮ್ ತುಂಡನ್ನು ನೂರಾರು ರ‍್ಯಾಪ್ ಹಾಡುಗಳು ಎತ್ತಿ ಬಳಸಿದವು. ಬಾರಿಸಿದ ಕೈಗೆ ಅದರಿಂದ ಹೆಚ್ಚೇನೂ ಬರಲಿಲ್ಲ. ಇಥಿಯೋಪಿಯಾದ ಕೀಬೋರ್ಡ್ ವಾದಕ ಹೈಲು ಮೆರ್ಗಿಯಾ ವಾಷಿಂಗ್ಟನ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. 2013ರಲ್ಲಿ ಅವರ ಹಳೆಯ ಕ್ಯಾಸೆಟ್ ಮರುಬಿಡುಗಡೆ ಆದ ಮೇಲೆ ಮತ್ತೆ ವೇದಿಕೆಗೆ ಬಂದರು. ಕೊಂಡು ಕೇಳುವವರು ಇದ್ದರೆ ಹೀಗೂ ಆಗುತ್ತದೆ.

ಎಲ್‌ಪಿ ರೆಕಾರ್ಡ್ ವಿಷಯ ಚುಟುಕಾಗಿ: ಶುರುವಿಗೆ ಬೇಡ. ಇಲ್ಲಿಯ ಮಳೆಗಾಲದ ತೇವಕ್ಕೆ ರೆಕಾರ್ಡ್‌ಗೂ ಅದರ ಕಾಗದದ ಕವರ್‌ಗೂ ಬೂಷ್ಟು ಹಿಡಿಯುತ್ತದೆ. ಈಗಾಗಲೇ ಇದ್ದರೆ ನೆಟ್ಟಗೆ ನಿಲ್ಲಿಸಿಡಿ, ಗೋಡೆಗೆ ತಾಗಿಸಬೇಡಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ. ಕಾಗದದ ಒಳಕವರ್ ಮೆತ್ತಗಾಗಿದ್ದರೆ ಅದೇ ಮೊದಲ ಸೂಚನೆ.

5. ಜಾಗ ಮತ್ತು ಹೊತ್ತು

ಮೊದಲ ಕೂಟಕ್ಕೆ ಆರರಿಂದ ಹತ್ತು ಜನ ಸಾಕು. ಒಂದು ಮನೆಯ ಹಾಲ್ ಬೇಕು, ಕಿಟಕಿಗೆ ಪರದೆ, ನೆಲಕ್ಕೆ ಜಮಖಾನೆ. ಖಾಲಿ ಗೋಡೆ, ಬರೀ ಟೈಲ್ಸ್ ನೆಲ ಇದ್ದರೆ ಡ್ರಮ್ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗೊಜ್ಜಾಗುತ್ತದೆ. ಕೋಣೆ ಮಧ್ಯೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ. 'ಟಣ್' ಅಂತ ಬಾಲ ಎಳೆದರೆ ಇನ್ನೂ ಕಂಬಳಿ, ದಿಂಬು, ಪುಸ್ತಕದ ಕಪಾಟು ಬೇಕು ಅಂತ ಅರ್ಥ.

ಶೀಟ್ ಹಾಕಿದ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂಟ ಬೇಡ. ಮಳೆ ಜೋರಾದರೆ ಏನೂ ಕೇಳುವುದಿಲ್ಲ, ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ, ಸ್ಪೀಕರ್ ಒಡೆದ ದನಿ ಮಾಡುತ್ತದೆ. ಕಕ್ಕಡದಲ್ಲಂತೂ ಯಾರೂ ಹೊರಗೆ ಬರುವ ಮನಸ್ಸು ಮಾಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ತೋಟದವರು ಸಿಗುವುದಿಲ್ಲ. ಕೈಲ್‌ಪೊಳ್ದ್ ಕಳೆದು ಮಳೆ ಇಳಿದ ಮೇಲೆ ಪುತ್ತರಿಯವರೆಗಿನ ಹೊತ್ತು ಒಳ್ಳೆಯದು. ಮಡಿಕೇರಿಯಲ್ಲಾದರೆ ದಸರಾ ದಿನಗಳನ್ನು ಬಿಟ್ಟು ನೋಡಿ. ದಶಮಂಟಪಗಳ ಸದ್ದಿನ ಎದುರು ನಿಮ್ಮ ಹಾಲ್‌ನ ಸದ್ದು ನಿಲ್ಲುವುದಿಲ್ಲ, ನಿಲ್ಲಲೂ ಬೇಕಾಗಿಲ್ಲ.

ಹೊತ್ತು ಮಧ್ಯಾಹ್ನ ಇರಲಿ: ಎರಡೂವರೆಗೆ ಶುರು, ನಾಲ್ಕಕ್ಕೆ ಮುಕ್ತಾಯ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆಯವರು ಕತ್ತಲಾಗುವ ಮೊದಲು ಮನೆ ಸೇರಬೇಕು. ತೋಟದ ರಸ್ತೆಯಲ್ಲಿ ಆನೆ ನಿಂತಿರುವ ಊರುಗಳು ಅವು. ಹಾಡು ಚೆನ್ನಾಗಿದೆ ಅಂತ ಅವರನ್ನು ಏಳರವರೆಗೆ ಕೂರಿಸಿಕೊಳ್ಳುವುದು ಜವಾಬ್ದಾರಿಯ ಕೆಲಸ ಅಲ್ಲ. ಬೆಟ್ಟದ ತಿರುವುಗಳಲ್ಲಿ ಸಂಜೆ ಮಂಜೂ ಇಳಿಯುತ್ತದೆ.

ಕಾನೂನಿನ ಎರಡು ವಿಷಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ ಇದೆ. ಹಗಲಲ್ಲೂ ವಸತಿ ಪ್ರದೇಶದ ಮಿತಿ 55 ಡೆಸಿಬೆಲ್. ಮನೆಯೊಳಗೆ ಗೆಳೆಯರು ಕೂತು ಕೇಳಿದರೆ ತೊಂದರೆ ಇಲ್ಲ. ಹೋಮ್‌ಸ್ಟೇ ಅಥವಾ ಕೆಫೆಯಲ್ಲಿ ಗಿರಾಕಿಗಳಿಗೆ ಕೇಳಿಸುವುದಾದರೆ, ಟಿಕೆಟ್ ಇಡುವುದಾದರೆ, ಧ್ವನಿಮುದ್ರಣಕ್ಕೂ ಹಾಡಿನ ರಚನೆಗೂ ಬೇರೆ ಬೇರೆ ಪರವಾನಗಿ ಬೇಕಾಗುತ್ತದೆ. ಅವನ್ನು ಕೊಡುವ ಸಂಸ್ಥೆಗಳಾದ ಪಿಪಿಎಲ್, ಐಪಿಆರ್‌ಎಸ್ ಹೆಸರು ಕೇಳಿರುತ್ತೀರಿ. ಅದನ್ನು ಜಾಗದ ಮಾಲೀಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

6. ಸದ್ದು ಸರಿ ಮಾಡಿ

ಕೂಟ ಕೆಡುವುದಕ್ಕೆ ದೊಡ್ಡ ಕಾರಣ ಅಂಗೈಯಗಲದ ಬ್ಲೂಟೂತ್ ಸ್ಪೀಕರ್. ಬೇಸ್ ಗಿಟಾರ್‌ನ ದಪ್ಪ ತಂತಿಯ ಸ್ವರ 41 ಹರ್ಟ್ಜ್ ಹತ್ತಿರ ಇರುತ್ತದೆ. ಅಂಗೈಯಗಲದ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯುವ ಶಕ್ತಿ ಇಲ್ಲ. ನೀವು ಹೆಡ್‌ಫೋನ್‌ನಲ್ಲಿ ಕೇಳಿ ಮೆಚ್ಚಿದ ಅರ್ಧ ಸಂಗೀತ ಬಂದವರ ಕಿವಿಗೆ ಮುಟ್ಟುವುದೇ ಇಲ್ಲ. ಬೇಸ್ ಇಲ್ಲದ ಫಂಕ್ ಕೇಳಿಸುವುದು ಉಪ್ಪು ಹಾಕದ ಪಂದಿಕರಿ ಬಡಿಸಿದ ಹಾಗೆ. ಅವರಿಗೆ ರುಚಿಸದಿದ್ದರೆ ಆಶ್ಚರ್ಯ ಏನಿದೆ?

ಹಾಗಂತ ಮದುವೆಗೆ ಬಾಡಿಗೆ ಕೊಡುವ ದೊಡ್ಡ ಸೌಂಡ್ ಬಾಕ್ಸ್ ತರಬೇಡಿ. ಅದು ಮೈದಾನಕ್ಕೆ ಮಾಡಿದ್ದು, ಹಾಲ್‌ನಲ್ಲಿ ಎದೆಗೆ ಗುದ್ದುತ್ತದೆ. ಐದರಿಂದ ಆರೂವರೆ ಇಂಚಿನ ಕೋನ್ ಇರುವ ಒಂದು ಜೊತೆ ಸ್ಪೀಕರ್ ಸಾಕು. ಗೆಳೆಯರ ಮನೆಯಲ್ಲಿ ಹಳೆಯ ಸ್ಟೀರಿಯೋ ಇದ್ದರೆ ಅದನ್ನೇ ಕೇಳಿ ತನ್ನಿ, ಬಹಳ ಸಲ ಹೊಸದಕ್ಕಿಂತ ಚೆನ್ನಾಗಿರುತ್ತದೆ.

ಜೋಡಿಸುವ ಕ್ರಮ: ಎರಡು ಸ್ಪೀಕರ್ ನಡುವೆ ಸುಮಾರು ಎರಡು ಮೀಟರ್ ಅಂತರ. ಕೂತವರ ಕಿವಿಯ ಎತ್ತರಕ್ಕೆ ಸ್ಟೂಲ್ ಮೇಲೆ ಇಡಿ. ಬೇಸ್ ಸಾಲದಿದ್ದರೆ ಹಿಂದಿನ ಗೋಡೆಗೆ ಹತ್ತಿರ ಸರಿಸಿ, ಜಾಸ್ತಿಯಾಗಿ ಗುಂಯ್‌ಗುಟ್ಟಿದರೆ ಮುಂದೆ ತನ್ನಿ. ಮೂಲೆಗೆ ತುರುಕಬೇಡಿ. ಆ್ಯಪ್‌ನ 'ಬೇಸ್ ಬೂಸ್ಟ್' ತೆಗೆಯಿರಿ.

ಇನ್ನು ಯಾರೂ ಹೇಳದ ಒಂದು ಬಲೆ. 1960ರ ದಶಕದ ಬಹಳಷ್ಟು ಸೋಲ್ ಹಾಡುಗಳ ಸ್ಟೀರಿಯೋ ಆವೃತ್ತಿಯಲ್ಲಿ ದನಿ ಒಂದು ಪಕ್ಕ, ಡ್ರಮ್ ಇನ್ನೊಂದು ಪಕ್ಕ ಇರುತ್ತದೆ. ಒಂದು ಕಡೆಯ ಕೇಬಲ್ ಸಡಿಲವಾಗಿದ್ದರೆ ಹಾಡುವವರೇ ಮಾಯ. ಹಾಡೇ ಹೀಗಿರಬೇಕು ಅಂತ ಎಲ್ಲರೂ ಸುಮ್ನೆ ಕೂತಿರುತ್ತಾರೆ. ಶುರುವಿಗೆ ಮೊದಲು ಎಡ ಬಲ ಎರಡೂ ಪರೀಕ್ಷೆ ಮಾಡಿ. ಅದೇ ಹಾಡಿನ ಮೋನೋ (ಎರಡೂ ಕಡೆ ಒಂದೇ ಸದ್ದು ಬರುವ) ಆವೃತ್ತಿ ಸಿಕ್ಕರೆ ಅದನ್ನೇ ಹಾಕಿ. ಆಗಿನವರು ರೇಡಿಯೋದಲ್ಲಿ, ಸಿಂಗಲ್ ರೆಕಾರ್ಡ್‌ನಲ್ಲಿ ಕೇಳಿದ್ದು ಅದನ್ನೇ, ಹೊಡೆತವೂ ಗಟ್ಟಿ.

'ಗುಂಯ್' ಅನ್ನುವ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ, ಹೆಚ್ಚಿನ ಸಲ ಅಲ್ಲೇ ನಿಲ್ಲುತ್ತದೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಂದ ಕೂಡಲೇ ಸದ್ದು ಶುರುವಾದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಆಗ ಸಂಗೀತ ನಿಲ್ಲಿಸಿ ಕಾಫಿ ಕೊಡಿ, ಕರೆಂಟ್ ಬಂದ ಮೇಲೆ ಮುಂದುವರಿಸಿ. ಫೋನ್‌ನ ಆಟೋಪ್ಲೇ ಮತ್ತು ಒಂದು ಹಾಡು ಇನ್ನೊಂದಕ್ಕೆ ಕರಗುವ ಕ್ರಾಸ್‌ಫೇಡ್, ಎರಡನ್ನೂ ತೆಗೆಯಿರಿ. ಹಾಡು ಮುಗಿದ ಮೇಲೆ ನಿಶ್ಶಬ್ದ ಬೇಕು.

7. ಎಂಟು ಹಾಡು, ಒಂದು ಕ್ರಮ

ಮೂವತ್ತು ಹಾಡಿನ ಪಟ್ಟಿ ಮಾಡಬೇಡಿ. ಎಂಟು ಹಾಡು, ಪೂರ್ತಿ ಕೇಳಬೇಕು. ಮೊದಲ ಕೂಟಕ್ಕೆ ನಾನು ಹೇಳುವ ಕ್ರಮ ಇದು.

'ಗ್ರೀನ್ ಆನಿಯನ್ಸ್' ಮೊದಲು. ಮಾತೇ ಇಲ್ಲದ್ದರಿಂದ ಇಂಗ್ಲಿಷ್ ಅರ್ಥ ಆಗಲಿಲ್ಲ ಅನ್ನುವ ಸಂಕೋಚ ಯಾರಿಗೂ ಬರುವುದಿಲ್ಲ. ಆಮೇಲೆ ಓಟಿಸ್ ಅವರ 'ರೆಸ್ಪೆಕ್ಟ್', ಅದರ ಬೆನ್ನಿಗೇ ಅರೀತಾ ಅವರದು. ಎರಡೂ ಸಣ್ಣ ಹಾಡು. ಕೋಣೆಯಲ್ಲಿ ಮೊದಲ ಚರ್ಚೆ ಇಲ್ಲಿ ಹುಟ್ಟುತ್ತದೆ, ಹುಟ್ಟಲು ಬಿಡಿ. ನಾಲ್ಕನೆಯದು 'ಕೋಲ್ಡ್ ಸ್ವೆಟ್'. ಐದನೆಯದು ಕ್ಯಾಮರೂನಿನ ಮನು ದಿಬಾಂಗೋ ಅವರ 1972ರ 'ಸೋಲ್ ಮಕೋಸಾ'. ಅದರಲ್ಲಿ 'ಮಮಾ-ಕೋ' ಅಂತ ತಿರುತಿರುಗಿ ಬರುವ ಸಾಲನ್ನು ಮೈಕಲ್ ಜಾಕ್ಸನ್ 1982ರ 'ಥ್ರಿಲ್ಲರ್' ಆಲ್ಬಮ್‌ನ ಮೊದಲ ಹಾಡಿನಲ್ಲಿ ಬಳಸಿದರು. ಕೂತವರಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆ, ನೀವು ಮೊದಲೇ ಹೇಳಿಬಿಡಬೇಡಿ.

ಇಲ್ಲಿ ಕಾಫಿಗೆ ಬಿಡುವು. ನಮ್ಮ ತೋಟದ ಅರೇಬಿಕಾಕ್ಕೂ ರೊಬಸ್ಟಾಕ್ಕೂ ಮೂಲ ಆಫ್ರಿಕಾವೇ, ಅರೇಬಿಕಾ ಇಥಿಯೋಪಿಯಾದ್ದು. ಹಾಗಾಗಿ ಬಿಡುವಾದ ಮೇಲೆ ಇಥಿಯೋಪಿಯಾಕ್ಕೆ ಹೋಗುವುದು ಸಹಜವಾಗಿರುತ್ತದೆ.

ಆರನೆಯದು ಮುಲಾಟು ಅಸ್ಟಾಟ್ಕೆ ಅವರ 'ತೆಜೆಟಾ'. ಇಥಿಯೋಪಿಯಾದ ಬಹಳಷ್ಟು ಹಾಡುಗಳು ಐದು ಸ್ವರದ ಮೇಳಗಳ ಮೇಲೆ ನಿಂತಿವೆ. ಅಲ್ಲಿಯ ತೆಜೆಟಾ (ತಿಜಿತಾ) ಮೇಳದ ಮೇಜರ್ ರೂಪದ ಸ್ವರಗಳೂ ನಮ್ಮ ಮೋಹನ ರಾಗದ ಸ್ವರಗಳೂ ಒಂದೇ. ಸಂಗೀತ ಕಲಿತವರು ಕೂಟದಲ್ಲಿದ್ದರೆ ಈ ಹಾಡಿಗೆ ಮೊದಲು ಮೋಹನದ ಆರೋಹಣ ಹಾಡಿಸಿ. ಗೊತ್ತಿದ್ದ ಸ್ವರಗಳೇ ಬೇರೆ ನಡೆಯಲ್ಲಿ, ಬೇರೆ ಒತ್ತಿನಲ್ಲಿ ಬರುವುದು ಎಲ್ಲರಿಗೂ ತಾನಾಗಿ ಕಿವಿಗೆ ಬೀಳುತ್ತದೆ. ಏಳನೆಯದು ಸೆನೆಗಲ್‌ನ ಆರ್ಕೆಸ್ಟ್ರಾ ಬಾವೊಬಾಬ್, 1982ರಲ್ಲಿ ಮುದ್ರಿಸಿದ 'ಪೈರೇಟ್ಸ್ ಚಾಯ್ಸ್' ಆಲ್ಬಮ್‌ನಿಂದ ಒಂದು ನಿಧಾನದ ಹಾಡು. ಬಾರ್ಥೆಲೆಮಿ ಅಟಿಸೋ ಅವರ ಗಿಟಾರ್‌ಗೆ ಕೋಣೆ ತಾನಾಗಿ ಸುಮ್ಮನಾಗುತ್ತದೆ.

ಕೊನೆಗೆ ಫೆಲಾ, 1975ರ 'ವಾಟರ್ ನೋ ಗೆಟ್ ಎನಿಮಿ'. ನೀರಿನ ಜೊತೆ ಯಾರೂ ಹಗೆ ಸಾಧಿಸಲಾಗದು, ಸ್ನಾನಕ್ಕೂ ಅಡುಗೆಗೂ ಅದೇ ಬೇಕು ಅನ್ನುವ ಹಾಡು. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಇದಕ್ಕೆ ಬೇರೆ ಪೀಠಿಕೆ ಬೇಡ. ಹೆಚ್ಚಿನವರು ಉತ್ಸಾಹಕ್ಕೆ ಫೆಲಾ ಅವರನ್ನೇ ಮೊದಲು ಹಾಕಿಬಿಡುತ್ತಾರೆ. ದನಿ ಬರುವ ಮೊದಲು ನಿಮಿಷಗಟ್ಟಲೆ ವಾದ್ಯವೇ ನಡೆಯುತ್ತದೆ, ತಯಾರಿಲ್ಲದ ಕಿವಿ ಅಷ್ಟರಲ್ಲಿ ಫೋನ್ ತೆಗೆದಿರುತ್ತದೆ. ಏಳು ಹಾಡು ಕೇಳಿದ ಮೇಲೆ ಅದೇ ಜನ ಅದೇ ಹತ್ತು ನಿಮಿಷ ಪೂರ್ತಿ ಕೂರುತ್ತಾರೆ.

8. ಎಷ್ಟು ಮಾತಾಡಬೇಕು

ಪ್ರತಿ ಹಾಡಿಗೆ ಮೊದಲು ಮೂರು ವಾಕ್ಯ. ಯಾರು, ಎಲ್ಲಿ ಯಾವಾಗ, ಯಾವುದರ ಮೇಲೆ ಕಿವಿ ಇಡಬೇಕು. ಅಷ್ಟೇ. 'ಈ ಸಲ ಡ್ರಮ್ಮರ್‌ನ ಬಲಗೈ ಮಾತ್ರ ಕೇಳಿ' ಅಂತ ಒಂದು ಕೆಲಸ ಕೊಟ್ಟರೆ ಜನ ನಿಜವಾಗಿ ಕೇಳುತ್ತಾರೆ. ಕನ್ನಡದಲ್ಲಿ ಹೇಳಿ, ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಬ್ಯಾರಿಯಲ್ಲೋ ಬಂದರೆ ಬರಲಿ. ಇಂಗ್ಲಿಷ್ ಟಿಪ್ಪಣಿ ಓದಬೇಡಿ. ಹಾಡು ನಡೆಯುತ್ತಿರುವಾಗ ಮಾತಾಡಬೇಡಿ, 'ಈಗ ಬರುತ್ತೆ ನೋಡಿ' ಅಂತಲೂ ಬೇಡ.

ಕೂಟದಲ್ಲಿ ಯಾರೋ ಒಬ್ಬರು 'ಇದು ನಮ್ಮ ದುಡಿಯ ಹಾಗೇ ಇದೆಯಲ್ಲ' ಅನ್ನುತ್ತಾರೆ. ಒಳ್ಳೆಯ ಮಾತು, ತಡೆಯಬೇಡಿ. ಆದರೆ 'ಎಲ್ಲ ಒಂದೇ' ಅಂತ ಮುಗಿಸಬೇಡಿ. ಎಲ್ಲಿ ಹತ್ತಿರ, ಎಲ್ಲಿ ಬೇರೆ ಅಂತ ಕೇಳಿ. ದುಡಿ ಬಾರಿಸಲು ಬರುವವರು ಅಲ್ಲೇ ಇದ್ದರೆ ಬಾರಿಸಿ ತೋರಿಸಲಿ. ಇನ್ನೊಂದು ಸೂಕ್ಷ್ಮ: ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರ ಡಮಾಮಿ ತಾಳವನ್ನು ಇದೇ ಪಟ್ಟಿಗೆ ಒಂದು ಹಾಡಿನ ಹಾಗೆ ತುರುಕಬೇಡಿ. ಆಫ್ರಿಕಾ ಮೂಲದವರಾದರೂ ತಲೆಮಾರುಗಳಿಂದ ಕರ್ನಾಟಕದವರು ಅವರು. ಅವರದನ್ನು ಕೇಳಬೇಕಾದರೆ ಅವರನ್ನೇ ಕರೆಸಿ, ಸರಿಯಾದ ಸಂಭಾವನೆ ಕೊಟ್ಟು, ಅವರೇ ಹೇಳುವ ಒಂದು ಪ್ರತ್ಯೇಕ ಕೂಟ ಇಡಿ.

ಎಚ್ಚರಿಕೆಯ ಗುರುತುಗಳನ್ನು ಮುಖದಲ್ಲಿ ಹುಡುಕಬೇಡಿ, ಕಾಲಲ್ಲಿ ನೋಡಿ. ಪಾದ ಆಡುತ್ತಿದ್ದರೆ ಎಲ್ಲ ಸರಿ ಇದೆ. ಪಿಸುಮಾತು ಇಬ್ಬರಿಂದ ನಾಲ್ವರಿಗೆ ಹರಡಿತು ಅಂದರೆ ಮುಂದಿನ ಉದ್ದದ ಹಾಡು ಬಿಟ್ಟು ಒಂದು ಚಿಕ್ಕದನ್ನು ಹಾಕಿ. ಇದಕ್ಕಾಗಿಯೇ ಎರಡು ಮೂರು ನಿಮಿಷದ ಹಾಡು ಎರಡು ಕೈಯಲ್ಲಿರಲಿ. 1967ರ 'ಪಟಾ ಪಟಾ', ಮಿರಿಯಮ್ ಮಕೇಬಾ ಅವರದು, ಯಾವ ಕೋಣೆಯಲ್ಲೂ ಕೈಬಿಟ್ಟಿಲ್ಲ. ಸಿನಿಮಾ ಹಾಡು ಬೇಕು ಅಂತ ಕೇಳಿದವರಿಗೆ ಮುಖ ಗಂಟು ಹಾಕಬೇಡಿ. ಕೊನೆಗೆ ಹಾಕೋಣ ಅಂತ ಹೇಳಿ, ಹೇಳಿದ ಹಾಗೆ ಹಾಕಿ. ಅದರಲ್ಲಿ ಬೇಸ್ ಎಲ್ಲಿದೆ ಅಂತ ಅವರಿಗೇ ಕೇಳಿ.

9. ಕೂಟ ಮುಗಿದ ಮೇಲೆ

ಅವತ್ತು ರಾತ್ರಿಯೇ ಎಂಟು ಹಾಡಿನ ಪಟ್ಟಿ ಕಳಿಸಿ: ಹೆಸರು, ಕಲಾವಿದರು, ದೇಶ, ವರ್ಷ, ಕೊಳ್ಳಲು ಎಲ್ಲಿ ಸಿಗುತ್ತದೆ. ಫೈಲ್ ಕಳಿಸಬೇಡಿ. ಎಂಟಕ್ಕಿಂತ ಜಾಸ್ತಿ ಹಾಡು ಸೇರಿಸಬೇಡಿ, ನೂರು ಹಾಡಿನ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ವಾಟ್ಸ್ಆ್ಯಪ್ ಗುಂಪು ಮಾಡಿದರೆ ವಾರಕ್ಕೆ ಒಂದೇ ಹಾಡು ಅಂತ ನಿಯಮ ಇರಲಿ. ಇಲ್ಲದಿದ್ದರೆ ಹದಿನೈದು ದಿನದಲ್ಲಿ ಅದು ಗುಡ್ ಮಾರ್ನಿಂಗ್ ಗುಂಪಾಗುತ್ತದೆ.

ಎರಡನೇ ಕೂಟದ ಎಳೆಯನ್ನು ನೀವು ಆರಿಸಬೇಡಿ. ಯಾವ ಹಾಡಿನ ಬಗ್ಗೆ ಮತ್ತೆ ವಿಚಾರಿಸಿದರು ನೋಡಿ, ಅದೇ ದೇಶ, ಅದೇ ದಶಕ ಹಿಡಿಯಿರಿ. ಬಾವೊಬಾಬ್ ಇಷ್ಟ ಆದವರಿಗೆ ಕಾಂಗೋದ ಫ್ರಾಂಕೋ. ಅಲ್ಲಿ ಹಾಡು ಮುಗಿಯಿತು ಅನ್ನುವಾಗ ಗಿಟಾರ್‌ಗಳು ವೇಗ ಹಿಡಿದು ಕುಣಿಸುವ 'ಸೆಬೆನ್' ಭಾಗ ಶುರುವಾಗುತ್ತದೆ, ಮಧ್ಯದಲ್ಲಿ ನಿಲ್ಲಿಸಬೇಡಿ. ತೆಜೆಟಾ ಹಿಡಿಸಿದವರಿಗೆ ಇಥಿಯೋಪಿಯಾದ ಗಾಯಕ ಮಹಮೂದ್ ಅಹ್ಮದ್. ಅರೀತಾ ಹಿಡಿಸಿದವರಿಗೆ ಸ್ಟ್ಯಾಕ್ಸ್ ಮತ್ತು ಡೆಟ್ರಾಯಿಟ್‌ನ ಮೋಟೌನ್ ಕಂಪನಿ, ಎರಡನ್ನೂ ಎದುರುಬದುರು ಇಟ್ಟ ಒಂದು ಮಧ್ಯಾಹ್ನ.

ಮೂರನೇ ಕೂಟ ನಿಮ್ಮ ಮನೆಯಲ್ಲಿ ಬೇಡ. ಸ್ಪೀಕರ್, ಕೇಬಲ್, ನೋಟ್‌ಬುಕ್ ಇನ್ನೊಬ್ಬರಿಗೆ ಕೊಡಿ, ಎಂಟು ಹಾಡು ಅವರು ಆರಿಸಲಿ. ಅವರ ಹಾಡುಗಳನ್ನು ಮುಂಚೆ ಕೇಳಬೇಡಿ. ಎಡ ಬಲ ಕೇಬಲ್ ಸರಿ ಇದೆಯಾ ಅಂತ ಮಾತ್ರ ನೋಡಿ ಕೂತುಕೊಳ್ಳಿ.